ಮೊದಲ ಸ್ಕೀ ರಜೆ: ಗುಲ್ಮಾರ್ಗ್, ಔಲಿ, ಅಲ್ಮಾಟಿ, ಗುಡೌರಿ – ಯಾವ ವಾರ, ಯಾವ ಊರು?

#1 ಗಾಂಧಿಬಜಾರ್‌ಕಾಫಿ

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು (9 ಮತ್ತು 13 ವರ್ಷ). ಹೊರಡೋದು ಬೆಂಗಳೂರಿಂದ. ನಾಲ್ವರಿಗೂ ಸ್ಕೀಯಿಂಗ್ ಹೊಸದು. ಮನೆ ಬಿಟ್ಟು ಮನೆ ಸೇರೋಕೆ 8–9 ದಿನ, ಅದರಲ್ಲಿ ಕನಿಷ್ಠ 5 ದಿನ ಹಿಮದ ಮೇಲೆ ಸಿಗಬೇಕು. ಕಲಿಯೋದೇ ಉದ್ದೇಶ. ಕ್ರಿಸ್‌ಮಸ್ ರಜೆ ಹೇಗೂ ಇದೆ, ಇಲ್ಲಾಂದ್ರೆ ಫೆಬ್ರವರಿಯಲ್ಲಿ ಶಾಲೆಗೆ ಒಂದು ವಾರ ರಜೆ ಹಾಕಿಸಬಹುದು. ಏಪ್ರಿಲ್ ಬೇಸಿಗೆ ರಜೆಗೆ ಎಲ್ಲಾದರೂ ಹಿಮ ಉಳಿದಿರುತ್ತಾ? ಪಟ್ಟಿಯಲ್ಲಿರೋದು ಗುಲ್ಮಾರ್ಗ್ (ಕಾಶ್ಮೀರ), ಔಲಿ (ಉತ್ತರಾಖಂಡ), ಸೋಲಂಗ್ (ಮನಾಲಿ ಹತ್ತಿರ), ಅಲ್ಮಾಟಿ (ಕಜಕಸ್ತಾನ), ಗುಡೌರಿ (ಜಾರ್ಜಿಯಾ). ಊಟ ಸಸ್ಯಾಹಾರ.

#2 ಹಿಮಗಣಿತ

ಊರು ಆಮೇಲೆ. ಮೊದಲು ವಾರ ಗಟ್ಟಿ ಮಾಡಿ, ಅರ್ಧ ಪಟ್ಟಿ ತಾನಾಗೇ ಉದುರಿಹೋಗುತ್ತೆ.

ಕ್ರಿಸ್‌ಮಸ್ ವಾರ ಗುಲ್ಮಾರ್ಗ್‌ನಲ್ಲಿ ಹಿಮ ಬಿದ್ದಿರಬಹುದು, ಕೂತಿರೋದು ಅನುಮಾನ. ಬೀಳೋದು ಬೇರೆ, ಕೂರೋದು ಬೇರೆ. ಕಾಶ್ಮೀರಕ್ಕೆ ಹಿಮ ತರೋದು ಮೆಡಿಟರೇನಿಯನ್ ಕಡೆಯಿಂದ ಬರೋ ವೆಸ್ಟರ್ನ್ ಡಿಸ್ಟರ್ಬೆನ್ಸ್. ಒಂದೊಂದು ಸಲ ಬಂದಾಗ ಎರಡು ಮೂರು ದಿನ ಸುರಿದು ಹೋಗುತ್ತೆ, ಮಧ್ಯೆ ಹತ್ತು ದಿನ ಬಿಸಿಲು. ನಾಲ್ಕೈದು ಸಲ ಹೀಗೆ ಬಿದ್ದು, ಒತ್ತಿ, ಗಟ್ಟಿಯಾದ ಮೇಲೆ ಬೇಸ್ ಅನ್ನೋದು ಸಿಗೋದು. ಕಲಿಯೋ ಮೈದಾನದಲ್ಲಿ ಹುಲ್ಲು, ಕಲ್ಲು ಮುಚ್ಚೋಕೆ ಒಂದೂವರೆ ಎರಡಡಿ ಒತ್ತಿದ ಹಿಮ ಸಾಕು. ಮೇಲಿನ ಅಫರ್ವಟ್ ಬೆಟ್ಟದ ಬಂಡೆಗಳು ಮುಚ್ಚೋಕೆ ಅದರ ಎರಡು ಮೂರರಷ್ಟು ಬೇಕು.

ಕಾಶ್ಮೀರದವರ ಲೆಕ್ಕದಲ್ಲಿ ಚಿಲ್ಲೈ ಕಲಾನ್ (ಕಡು ಚಳಿಯ ಕಾಲ) ಡಿಸೆಂಬರ್ 21ಕ್ಕೆ ಶುರುವಾಗಿ 40 ದಿನ. ಬೇಸ್ ಕೂರೋ ಕಾಲ ಇದೇ. ಆಮೇಲೆ 20 ದಿನದ ಚಿಲ್ಲೈ ಖುರ್ದ್, 10 ದಿನದ ಚಿಲ್ಲೈ ಬಚ್ಚಾ. ಸ್ಕೀಗೆ ಬೇಕಾದ ಕಿಟಕಿ ಜನವರಿ ಕೊನೇ ವಾರದಿಂದ ಮಾರ್ಚ್ ಮೊದಲ ವಾರ.

ಅದೂ ಕೈ ಕೊಡುತ್ತೆ. 2024ರ ಜನವರಿ ಪೂರ್ತಿ ಒಣಗಿತ್ತು, ಗುಲ್ಮಾರ್ಗ್ ಮೈದಾನ ಕಂದು ಬಣ್ಣದಲ್ಲಿದ್ದ ಫೋಟೋಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ಹಿಮ ಬಿದ್ದಿದ್ದು ತಿಂಗಳ ಕೊನೆಗೆ. 2025ರ ಫೆಬ್ರವರಿಯಲ್ಲಿ ಆಗಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆ ಹಿಮವಿಲ್ಲದೆ ಮುಂದಕ್ಕೆ ಹೋಗಿ ಮಾರ್ಚ್‌ನಲ್ಲಿ ನಡೀತು. ಎರಡೂ ವರ್ಷ ನೋಡಿದರೆ ಋತು ತಡವಾಗ್ತಿದೆ ಅನಿಸುತ್ತೆ. ನನ್ನ ಮತ ಫೆಬ್ರವರಿ 10ರ ನಂತರದ ವಾರಕ್ಕೆ.

ಕ್ರಿಸ್‌ಮಸ್‌ಗೇ ಹೋಗಬೇಕಂದ್ರೆ ಕೃತಕ ಹಿಮ ಹೊಡೆಯೋ ಮಷೀನ್ ನಿಜವಾಗಿ ಓಡ್ತಿರೋ ಊರು ಹುಡುಕಿ. ಆಗ ಹೊರದೇಶವೇ ಗತಿ.

#3 ಧಾರವಾಡದವ

ಔಲಿ ಯಾಕ ಬ್ಯಾಡ್ರೀ? ಗಢವಾಲ್ ಮಂಡಲ ವಿಕಾಸ ನಿಗಮದವರು 7 ದಿನದ್ದು, 14 ದಿನದ್ದು ಕೋರ್ಸ್ ನಡಸ್ತಾರ. ಊಟ, ವಸ್ತಿ, ಸ್ಕೀ ಎಲ್ಲಾ ಅದರಾಗ ಬರ್ತದ. ಕಲಿಯೋರಿಗೆ ಇಳಿಜಾರು ಚೊಲೋ ಐತಿ, ಸಸ್ಯಾಹಾರಕ್ಕ ತೊಂದ್ರಿನೇ ಇಲ್ಲ. ನಂದಾದೇವಿ ಎದುರಿಗೇ ಕಾಣ್ತದ.

#4 ಹಿಮಗಣಿತ

ಇಳಿಜಾರಿನ ಬಗ್ಗೆ ನಿಮ್ಮ ಮಾತು ಸರಿ. ತಕರಾರು ಎರಡು.

ಒಂದು, ಎತ್ತರ. ಔಲಿಯ ಸ್ಕೀ ಜಾಗ ಸುಮಾರು 2,500ರಿಂದ 3,050 ಮೀಟರ್, ಗುಲ್ಮಾರ್ಗ್ ಮೈದಾನವೇ 2,650. ಔಲಿ ದಕ್ಷಿಣಕ್ಕೂ ಇದೆ, ಅಕ್ಷಾಂಶ 30 ಡಿಗ್ರಿ ಸುಮಾರು. ಗುಲ್ಮಾರ್ಗ್‌ಗೆ ಅರ್ಧ ದಮ್ಮಿನಲ್ಲಿ ಬಂದ ಮೋಡ ಔಲಿಗೆ ತಲುಪೋ ಹೊತ್ತಿಗೆ ಮಳೆ ಆಗಿರುತ್ತೆ, ಇಲ್ಲಾ ಖಾಲಿ ಆಗಿರುತ್ತೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗೆ ಅಂತ ಹಾಕಿದ ಹಿಮ ಮಷೀನ್ ನಂಬಿ ಟಿಕೆಟ್ ತೆಗೀಬೇಡಿ. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಸಾಕಷ್ಟು ಕೆಳಗಿಳಿದು, ಗಾಳಿ ಒಣಗಿದ್ದರೆ ಮಾತ್ರ ಅವು ಹಿಮ ಮಾಡೋದು.

ಎರಡು, ದಾರಿ. ಜೋಶಿಮಠದಿಂದ ಔಲಿಗೆ ಹೋಗ್ತಿದ್ದ ನಾಲ್ಕು ಕಿಲೋಮೀಟರ್ ರೋಪ್‌ವೇ 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ನಿಂತಿತು. ಕಾರಿನ ದಾರಿ ಮಾತ್ರ ಲೆಕ್ಕಕ್ಕೆ ಹಿಡೀರಿ. ಡೆಹ್ರಾಡೂನ್ ವಿಮಾನ ನಿಲ್ದಾಣದಿಂದ ಜೋಶಿಮಠ 9–10 ಗಂಟೆ, ಚಳಿಗಾಲದಲ್ಲಿ ಕತ್ತಲಾದ ಮೇಲೆ ಓಡಿಸೋಕಾಗಲ್ಲ. ಹೋಗೋಕೆ ಒಂದೂವರೆ ದಿನ, ಬರೋಕೆ ಒಂದೂವರೆ ದಿನ. 8–9 ದಿನದಲ್ಲಿ 5 ದಿನ ಹಿಮ ಅಂದ್ರೆ ಹೆಚ್ಚೆಂದ್ರೆ ಒಂದು ದಿನ ಮಿಗುತ್ತೆ, ದಾರಿ ಕೆಟ್ಟರೆ ಅದೂ ಇಲ್ಲ. 14 ದಿನ ಕೈಲಿರೋ ಕಾಲೇಜು ಹುಡುಗರಿಗೆ ಔಲಿ ಕೋರ್ಸ್ ಒಳ್ಳೆಯದೇ.

ಸೋಲಂಗ್ ಬಗ್ಗೆ ಹೆಚ್ಚು ಬರೆಯೋದಿಲ್ಲ. ಬಾಡಿಗೆ ಕೋಟು, ಗಂಬೂಟು, ಅರ್ಧ ಗಂಟೆ ಸ್ಕೀ ಮೇಲೆ ನಿಲ್ಲಿಸಿ ಫೋಟೋ. ಕಲೀಬೇಕಾದ್ರೆ ಮನಾಲಿಯ ಪರ್ವತಾರೋಹಣ ಸಂಸ್ಥೆಯ ಕೋರ್ಸ್ ಇದೆ, ಅದರಲ್ಲಿ ವಯಸ್ಸಿನ ಮಿತಿ ಇರೋದ್ರಿಂದ 9 ವರ್ಷದ ಮಗುವನ್ನ ಸೇರಿಸ್ಕೊಳ್ತಾರಾ ಅಂತ ಅವರನ್ನ ಕೇಳಿಯೇ ಮುಂದುವರೀಬೇಕು.

#5 ಧಾರವಾಡದವ

ಒಪ್ಪಿದೆ ಬಿಡ್ರಿ. ದಾರಿ ಖರೇನ ದೊಡ್ಡದು.

#6 ಸ್ಟೆಪ್ಪಿಸವಾರ

ಕ್ರಿಸ್‌ಮಸ್‌ಗೇ ಹೋಗೋದಾದ್ರೆ ಅಲ್ಮಾಟಿ ನೋಡಿ. ಶಿಂಬುಲಾಕ್ ಬುಡ 2,260 ಮೀಟರ್, ತಲಗರ್ ಪಾಸ್‌ನ ತುದಿ ಸುಮಾರು 3,200. ಮೆದೆಯು ಐಸ್ ಸ್ಕೇಟಿಂಗ್ ಅಂಗಳದಿಂದ (1,691 ಮೀ) ನಾಲ್ಕೂವರೆ ಕಿಲೋಮೀಟರ್ ಗೊಂಡೋಲಾ (ಕೇಬಲ್ ಕಾರ್) ಇದೆ. ನಗರದೊಳಗಿಂದ ಮೆದೆಯುವರೆಗೆ 12ನೇ ನಂಬರ್ ಸಿಟಿ ಬಸ್. ಹಿಮ ಮಷೀನ್ ಇದೆ, ರಾತ್ರಿ ಇಳಿಜಾರು ಹದ ಮಾಡ್ತಾರೆ. ಅಂದ್ರೆ ಬೆಳಗ್ಗೆ ಹೋದಾಗ ಕಾರ್ಡುರಾಯ್ ಬಟ್ಟೆ ಥರ ಗೆರೆ ಗೆರೆಯಾಗಿರೋ ಸಮ ಹಿಮ ಸಿಗುತ್ತೆ. ಹೊಸಬರಿಗೆ ಇದರಷ್ಟು ಸಹಾಯ ಮಾಡೋದು ಬೇರೊಂದಿಲ್ಲ.

ಭಾರತೀಯ ಪಾಸ್‌ಪೋರ್ಟಿಗೆ ಒಂದು ಭೇಟಿಗೆ 14 ದಿನ ವೀಸಾ ಬೇಡ, 180 ದಿನದಲ್ಲಿ ಒಟ್ಟು 42 ದಿನ. ಇದು 2022ರ ಜುಲೈಯಿಂದ ಜಾರಿಯಲ್ಲಿದೆ.

ವಿಮಾನದ್ದು ಸ್ವಲ್ಪ ಸೂಕ್ಷ್ಮ. ಬೆಂಗಳೂರಿಂದ ನೇರ ಇಲ್ಲ, ಸಾಮಾನ್ಯವಾಗಿ ದೆಹಲಿಯಲ್ಲಿ ಬದಲಾಯಿಸಬೇಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ವಾಯುಪ್ರದೇಶ ಮುಚ್ಚಿದಾಗ ಇಂಡಿಗೋದ ದೆಹಲಿ–ಅಲ್ಮಾಟಿ ವಿಮಾನ ನಿಂತುಹೋಯ್ತು. ಸುತ್ತಿ ಬಳಸಿ ಹೋಗೋಕೆ ಅದರ ಸಣ್ಣ ವಿಮಾನದ ಇಂಧನ ಸಾಲದು. ಏರ್ ಅಸ್ತಾನಾ ಹಾರಾಡ್ತಿತ್ತು. ಬುಕ್ ಮಾಡೋ ದಿನ ಯಾವುದು ನಡೀತಿದೆ ನೋಡಿಕೊಂಡು, ಬೆಂಗಳೂರು–ದೆಹಲಿ ಟಿಕೆಟ್ ಬೇರೆ ತೆಗೆದ್ರೆ ಮಧ್ಯೆ ಕನಿಷ್ಠ 6 ಗಂಟೆ ಬಿಡಿ. ಡಿಸೆಂಬರ್ 20ರಿಂದ ಜನವರಿ 20ರ ತನಕ ದೆಹಲಿ ಮಂಜು ಬೆಳಗಿನ ವಿಮಾನಗಳನ್ನ ತಿಂದು ಹಾಕುತ್ತೆ.

#7 ಹಿಮಗಣಿತ

ಶಿಂಬುಲಾಕ್ ಚೆನ್ನಾಗಿದೆ, ಆದ್ರೆ ಹೊಸಬರ ಜಾಗ ಚಿಕ್ಕದು. ಬುಡದ ಕಲಿಕೆ ಇಳಿಜಾರು ದಾಟಿದ್ರೆ ಮುಂದಿನದು ಒಂದೇ ಸಲಕ್ಕೆ ಕಡಿದಾಗುತ್ತೆ. ಮೂರನೇ ದಿನ 13 ವರ್ಷದವರಿಗೆ ಮೇಲೆ ಹೋಗೋ ಆಸೆ ಬರುತ್ತೆ, ಅಲ್ಲೇ ಬೀಳೋದು. ಶನಿವಾರ, ಭಾನುವಾರ ಇಡೀ ಅಲ್ಮಾಟಿ ಬೆಟ್ಟಕ್ಕೆ ಬರುತ್ತೆ. ಡಿಸೆಂಬರ್ 31ರಿಂದ ಒಂದು ವಾರ, ಮತ್ತೆ ಮಾರ್ಚ್ 21ರ ನೌರುಜ್ ಹಬ್ಬದ ಸುತ್ತ ದರವೂ ಏರುತ್ತೆ, ಗೊಂಡೋಲಾ ಸಾಲೂ ಬೆಳೆಯುತ್ತೆ. ಹಾಗಾಗಿ ಡಿಸೆಂಬರ್ 20–28 ಹಿಡೀರಿ, ಸೋಮವಾರದಿಂದ ಶುಕ್ರವಾರ ಸ್ಕೀ, ವಾರಾಂತ್ಯ ನಗರ.

#8 ಸ್ಟೆಪ್ಪಿಸವಾರ

ಒಪ್ಪುತ್ತೇನೆ. ಇನ್ನೊಂದು, ವಸತಿ ಎಲ್ಲಿ ಅನ್ನೋದು. ಚಳಿಗಾಲದಲ್ಲಿ ಅಲ್ಮಾಟಿ ನಗರದ ಮೇಲೆ ಹೊಗೆ ಕೂರುತ್ತೆ. ತಣ್ಣನೆ ಗಾಳಿ ಕೆಳಗೆ ಸಿಕ್ಕಿಬಿದ್ದು, ಬೆಚ್ಚಗಿನ ಗಾಳಿ ಮೇಲೆ ಮುಚ್ಚಳ ಹಾಕಿದಂತೆ ನಿಲ್ಲುತ್ತೆ. ನಗರದಲ್ಲಿ ಮೈನಸ್ 12 ಇರುವಾಗ ಶಿಂಬುಲಾಕ್‌ನಲ್ಲಿ ಮೈನಸ್ 4, ನೀಲಿ ಆಕಾಶ ಇರೋದು ಅಪರೂಪವೇನಲ್ಲ. ಮಕ್ಕಳಿಗೆ ಉಬ್ಬಸ ಇದ್ರೆ ಮೆದೆಯು ಕಡೆ, ನಗರದ ಮೇಲ್ಭಾಗದಲ್ಲಿ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ತೊಗೊಳ್ಳಿ. ಸಸ್ಯಾಹಾರಕ್ಕೂ ಅದೇ ದಾರಿ. ಬೆಟ್ಟದ ಮೇಲಿನ ಕೆಫೆಗಳಲ್ಲಿ ಸೂಪ್ ಸಸ್ಯಾಹಾರ ಅಂತ ಕೊಟ್ಟರೂ ಮಾಂಸದ ಸಾರಿನದೇ ಇರೋ ಸಾಧ್ಯತೆ ಹೆಚ್ಚು.

#9 ಕರಾವಳಿದುಬೈ

ಗುಡೌರಿ ವಿಷಯ ನಾನು ಹೇಳ್ತೇನೆ. ಗಲ್ಫಿನಲ್ಲಿರೋ ನಮ್ಮ ಕರಾವಳಿಯವರಿಗೆ ಇದು ಸುಲಭ. ಯುಎಇ ಮತ್ತಿತರ ಗಲ್ಫ್ ಸಹಕಾರ ಮಂಡಳಿ (ಜಿಸಿಸಿ) ದೇಶಗಳ ನಿವಾಸಿ ಪರವಾನಗಿ ಇದ್ದರೆ ಜಾರ್ಜಿಯಾಕ್ಕೆ ಸಾಮಾನ್ಯವಾಗಿ ವೀಸಾ ಬೇಡ, ದುಬೈ, ಶಾರ್ಜಾದಿಂದ ಟಿಬಿಲಿಸಿಗೆ ಮೂರು ಚಿಲ್ಲರೆ ಗಂಟೆ. ಭಾರತದಿಂದ ಬರುವವರಿಗೆ ಇ-ವೀಸಾ, ಅಥವಾ ಚಾಲ್ತಿಯಲ್ಲಿರೋ ಷೆಂಗೆನ್, ಅಮೆರಿಕ ವೀಸಾ. ಇಮಿಗ್ರೇಷನ್ ಕೌಂಟರಿನಲ್ಲಿ ಭಾರತೀಯರನ್ನು ವಾಪಸ್ ಕಳಿಸಿದ ದೂರುಗಳು ಸಾಕಷ್ಟಿವೆ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕಾಗದದಲ್ಲೇ ಇರಲಿ, ಮೊಬೈಲ್ ತೋರಿಸಿದರೆ ನಡೆಯುತ್ತೆ ಅಂದ್ಕೊಳ್ಳೋದು ಬೇಡ.

ಟಿಬಿಲಿಸಿಯಿಂದ 120 ಕಿ.ಮೀ., ಎರಡರಿಂದ ಎರಡೂವರೆ ಗಂಟೆ. ತುದಿ ಸುಮಾರು 3,280 ಮೀಟರ್. ಬುಡದಲ್ಲಿ ಹೊಸಬರಿಗೆ ಅಗಲವಾದ, ನಿಧಾನದ ಇಳಿಜಾರು ಶಿಂಬುಲಾಕ್‌ಗಿಂತ ಜಾಸ್ತಿ ಉಂಟು.

ತೊಂದರೆ ಏನೆಂದರೆ ಅಲ್ಲಿ ಮರ ಇಲ್ಲ. ಇಡೀ ಬೆಟ್ಟ ಬೋಳು. ಮೋಡ ಇಳಿದರೆ ನೆಲ ಯಾವುದು, ಆಕಾಶ ಯಾವುದು ತಿಳಿಯೋದಿಲ್ಲ. ಉಬ್ಬು, ತಗ್ಗು ಕಾಣದೆ ಹೊಸಬರು ನಿಂತಲ್ಲೇ ಬೀಳ್ತಾರೆ. ಅಂಥ ಬೆಳಕಿಗೆ ಎಸ್1 ವರ್ಗದ ಹಳದಿ ಅಥವಾ ಗುಲಾಬಿ ಗಾಜಿನ ಗಾಗಲ್ಸ್ ಬೇಕು, ಬಿಸಿಲಿಗೆ ಎಸ್3. ವಾರದಲ್ಲಿ ಎರಡು ದಿನ ಹೀಗೆ ಹೋಗಬಹುದು ಅಂತ ಮೊದಲೇ ಲೆಕ್ಕ ಇಟ್ಟುಕೊಳ್ಳಿ. ಗಾಳಿ ಜೋರಾದರೆ ಮೇಲಿನ ಲಿಫ್ಟ್‌ಗಳು ಬಂದ್.

ಜನವರಿ ಮೊದಲ ಹತ್ತು ದಿನ ತಪ್ಪಿಸಿ, ಅಲ್ಲಿನ ಕ್ರಿಸ್‌ಮಸ್ ಜನವರಿ 7. ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯ ಒಳ್ಳೆಯ ಸಮಯ.

ದುಬೈಯಲ್ಲಿರುವವರು ಹೊರಡುವ ಮೊದಲು ಮಾಲ್ ಆಫ್ ದಿ ಎಮಿರೇಟ್ಸ್‌ನ ಸ್ಕೀ ದುಬೈಯಲ್ಲಿ ಎರಡು ಮೂರು ಪಾಠ ತೊಗೊಳ್ಳಿ. 400 ಮೀಟರ್ ಇಳಿಜಾರು, ಕಲಿಯೋರಿಗೆ ಬೇರೆ ಜಾಗ. ಬೂಟು ಹಾಕಿ ನಡೆಯೋದು, ನಿಲ್ಲೋದು, ಲಿಫ್ಟ್ ಹಿಡಿಯೋದು ಅಲ್ಲೇ ಮುಗಿದರೆ ಗುಡೌರಿಯಲ್ಲಿ ಒಂದೂವರೆ ದಿನ ಉಳಿಯುತ್ತೆ.

#10 ಗಾಂಧಿಬಜಾರ್‌ಕಾಫಿ

ಫೆಬ್ರವರಿಗೆ ಗುಲ್ಮಾರ್ಗ್, ಡಿಸೆಂಬರ್‌ಗೆ ಅಲ್ಮಾಟಿ ಅನ್ನೋವರೆಗೂ ಬಂದ್ವಿ. ಗುಲ್ಮಾರ್ಗ್‌ನಲ್ಲಿ ಹೊಸಬರಿಗೆ ದಿನ ಹೇಗೆ ಸಾಗುತ್ತೆ? ಗೊಂಡೋಲಾ ಟಿಕೆಟ್ ಐದೂ ದಿನಕ್ಕೆ ಬೇಕಾ?

#11 ತಂಗ್‌ಮಾರ್ಗ್‌ಚೈನು

ಬೇಡ. ಬಹಳ ಜನ ದುಡ್ಡು ಕಳಕೊಳ್ಳೋದೇ ಇಲ್ಲಿ. ಗೊಂಡೋಲಾ ಮೊದಲ ಹಂತ ಗುಲ್ಮಾರ್ಗ್‌ನಿಂದ ಕೊಂಗ್ಡೂರಿಗೆ, ಸುಮಾರು 3,080 ಮೀಟರ್. ಎರಡನೇ ಹಂತ ಅಲ್ಲಿಂದ ಅಫರ್ವಟ್ ಭುಜಕ್ಕೆ, 3,950 ಮೀಟರ್ ಹತ್ತಿರ. ಎರಡನೇ ಹಂತದಿಂದ ಕೆಳಗೆ ಹೊಸಬರಿಗೆ ದಾರಿಯೇ ಇಲ್ಲ, ಅದು ಪೂರ್ತಿ ಹದ ಮಾಡದ ಬೆಟ್ಟ. ಮೊದಲ ಮೂರು ದಿನ ನೀವು ಹಳ್ಳಿ ಪಕ್ಕದ ಮೈದಾನದಲ್ಲೇ ಇರ್ತೀರಿ. ಅಲ್ಲಿ ಎಳೆಯೋ ಡ್ರ್ಯಾಗ್ ಲಿಫ್ಟ್‌ಗಳಿವೆ. ಕರೆಂಟ್ ಹೋದಾಗ, ಕೇಬಲ್ ಕೆಟ್ಟಾಗ ಸ್ಕೀ ಹೆಗಲಿಗೇರಿಸಿ ನಡೆದೇ ಹತ್ತಬೇಕು.

ಅಂದಾಜು ಹೀಗೆ:

ಮೊದಲ ದಿನ ಬೂಟಿನಲ್ಲಿ ನಡಿಗೆ, ಒಂದೇ ಸ್ಕೀ ಹಾಕಿ ಜಾರೋದು, ಬಿದ್ದು ಏಳೋದು, ಮುಂತುದಿ ಕೂಡಿಸಿ ಹಿಂತುದಿ ಅಗಲಿಸಿ ನಿಲ್ಲೋದು. ಎರಡನೇ ದಿನ ಡ್ರ್ಯಾಗ್ ಲಿಫ್ಟ್. ಅದರ ಮೇಲೆ ಕೂರೋಕೆ ಹೋಗಬೇಡಿ, ಅದು ನಿಂತಿರುವವರನ್ನ ಎಳೆಯೋಕಿರೋದು. ಕೂತರೆ ಹಿಂದಕ್ಕೆ ಬೀಳ್ತೀರಿ, ಹಿಂದಿನವರೂ ನಿಮ್ಮ ಮೇಲೆ. ಮೂರನೇ ದಿನ ಎಡ ಬಲ ತಿರುವು. ಗಾಯ ಆಗೋದು ಅವತ್ತು ಮಧ್ಯಾಹ್ನ ಊಟ ಆದ ಮೇಲೆ: ತೊಡೆ ಸೋತಿರುತ್ತೆ, ಧೈರ್ಯ ಬಂದಿರುತ್ತೆ. ಅವತ್ತು ಎರಡು ಗಂಟೆಗೇ ನಿಲ್ಲಿಸಿ. ನಾಲ್ಕನೇ ದಿನ ಅರ್ಧ ದಿನ ಸಾಕು. ಐದನೇ ದಿನ ಮಾಸ್ತರು ಸರಿ ಅಂದ್ರೆ ಮಾತ್ರ ಗೊಂಡೋಲಾ ಮೊದಲ ಹಂತ ಹತ್ತಿ ಪೈನ್ ಮರಗಳ ಮಧ್ಯದ ದಾರೀಲಿ ಇಳಿಯೋದು, ನಾನೂರು ಮೀಟರ್ ಇಳಿತ. ಇಲ್ಲಾ ಅಂದ್ರೆ ಗೊಂಡೋಲಾದಲ್ಲೇ ಹೋಗಿ ಬನ್ನಿ.

ಟಿಕೆಟ್ ಕೇಬಲ್ ಕಾರ್ ನಿಗಮದ ಜಾಲತಾಣದಲ್ಲೇ ಮಾಡಿ. ಸಿಗಲ್ಲ, ನಾವು ಕೊಡಿಸ್ತೀವಿ, ಗೈಡ್ ಇಲ್ಲದೆ ಬಿಡೋದಿಲ್ಲ ಅಂತ ತಂಗ್‌ಮಾರ್ಗ್‌ನಲ್ಲೇ ಕಾರಿಗೆ ಅಡ್ಡ ಬರ್ತಾರೆ. ಗೊಂಡೋಲಾ ಹತ್ತೋಕೆ ಗೈಡ್ ಬೇಕಿಲ್ಲ. ಸ್ಕೀ ಮಾಸ್ತರಿಗೆ ಪ್ರವಾಸೋದ್ಯಮ ಇಲಾಖೆ ನೋಂದಣಿ ಕಾರ್ಡ್ ಇದೆಯಾ ಕೇಳಿ, ದರ ದಿನಕ್ಕೋ ಗಂಟೆಗೋ, ಬಾಡಿಗೆ ಸಾಮಾನು ಸೇರಿತೋ ಇಲ್ಲವೋ ಮೊದಲೇ ಮಾತಾಡಿ. ನಾಲ್ಕು ಜನಕ್ಕೆ ಒಬ್ಬ ಮಾಸ್ತರು ಸಾಲದು. ಮಕ್ಕಳಿಬ್ಬರಿಗೆ ಒಬ್ಬರು, ನಿಮಗಿಬ್ಬರಿಗೆ ಒಬ್ಬರು.

ದಾರಿ: ಶ್ರೀನಗರದಿಂದ ಗುಲ್ಮಾರ್ಗ್ 50 ಕಿ.ಮೀ. ಕೊನೇ 13 ಕಿ.ಮೀ. ತಂಗ್‌ಮಾರ್ಗ್‌ನಿಂದ ಮೇಲಕ್ಕೆ. ಹಿಮ ಬಿದ್ದ ದಿನ ಟೈರಿಗೆ ಚೈನ್ ಇಲ್ಲದ ಗಾಡಿಯನ್ನ ಅಲ್ಲೇ ನಿಲ್ಲಿಸ್ತಾರೆ, ಫೋರ್ ಬೈ ಫೋರ್ ಗಾಡಿಗೆ ಬದಲಾಯಿಸಬೇಕು. ಶ್ರೀನಗರದ ಟ್ಯಾಕ್ಸಿಯವರ ಹತ್ತಿರ "ಗುಲ್ಮಾರ್ಗ್ ಹೋಟೆಲ್ ಬಾಗಿಲಿಗೆ, ಚೈನ್ ಸೇರಿ" ಅಂತ ದರ ಮಾತಾಡಿ.

ಫೋನ್: ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ನಡೆಯೋದಿಲ್ಲ, ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.

#12 ಹಿಮಗಣಿತ

ವಿಮಾನಕ್ಕೆ ಒಂದು ಸೇರ್ಪಡೆ. ಶ್ರೀನಗರ ನಿಲ್ದಾಣ ಹಿಮ ಬಿದ್ದ ದಿನ ರದ್ದು ಮೇಲೆ ರದ್ದು. ವಾಪಸ್ ಬರೋಕೆ ಒಂದು ದಿನ ಹೆಚ್ಚುವರಿ ಇಟ್ಕೊಳ್ಳಿ, ಗುಲ್ಮಾರ್ಗ್‌ನಿಂದ ಹಿಂದಿನ ದಿನವೇ ಇಳಿದು ಶ್ರೀನಗರದಲ್ಲಿ ಮಲಗಿ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ವಂದೇ ಭಾರತ್ ಇದೆ, ಸುಮಾರು ಮೂರು ಗಂಟೆ. ವಿಮಾನ ರದ್ದಾದ್ರೆ ರೈಲಲ್ಲಿ ಕಟ್ರಾ, ಅಲ್ಲಿಂದ ಜಮ್ಮು, ಜಮ್ಮುವಿನಿಂದ ವಿಮಾನ. ಮೊದಲಾಗಿದ್ರೆ ರಾಂಬನ್ ಹತ್ತಿರ ಗುಡ್ಡ ಕುಸಿದರೆ ಹೆದ್ದಾರಿಯಲ್ಲೇ ಎರಡು ರಾತ್ರಿ.

2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಕಾಶ್ಮೀರದ ಹಲವು ಪ್ರವಾಸಿ ತಾಣ ಮುಚ್ಚಿ, ಹಂತ ಹಂತವಾಗಿ ತೆರೆದರು. ಹಾಗಾಗಿ ಹೋಟೆಲ್ ರದ್ದು ಮಾಡಿದ್ರೆ ದುಡ್ಡು ವಾಪಸ್ ಬರೋ ದರದಲ್ಲೇ ಬುಕ್ ಮಾಡಿ, ಸ್ವಲ್ಪ ಹೆಚ್ಚಾದ್ರೂ ಪರವಾಗಿಲ್ಲ.

ಎತ್ತರ: ಬೆಂಗಳೂರು 920 ಮೀಟರ್. ಒಂದೇ ದಿನದಲ್ಲಿ 2,650ಕ್ಕೆ ಏರಿದ್ರೆ ತಲೆನೋವು, ನಿದ್ದೆಗೇಡು ಸಾಮಾನ್ಯ. ಶ್ರೀನಗರದಲ್ಲಿ (1,585 ಮೀ) ಒಂದು ರಾತ್ರಿ ಉಳಿದರೆ ಸ್ವಲ್ಪ ಕಡಿಮೆ. ಮೊದಲ ಸಂಜೆ ಎರಡನೇ ಹಂತದ ಗೊಂಡೋಲಾ ಏರೋದು ಬೇಡವೇ ಬೇಡ, ಅದು ಸುಮ್ಮನೆ ಕೂತ್ಕೊಂಡೇ ಇನ್ನೂ 1,300 ಮೀಟರ್.

#13 ಬೂಟುಬಕಲ್

ಇಲ್ಲಿ ಎಲ್ಲರೂ ಬೆಟ್ಟದ ಬಗ್ಗೆ ಬರೀತಿದ್ದಾರೆ. ಐದು ದಿನ ಹಾಳಾಗೋದು ಬೂಟಿನಿಂದ.

ಅಳತೆ ಸೆಂಟಿಮೀಟರ್‌ನಲ್ಲಿ. ಕಾಗದದ ಮೇಲೆ ಗೋಡೆಗೆ ಹಿಮ್ಮಡಿ ಒತ್ತಿ ನಿಂತು, ಹೆಬ್ಬೆರಳಿನ ತುದಿವರೆಗೆ ಅಳೆದುಕೊಂಡು ಹೋಗಿ. 26.5 ಬಂದ್ರೆ 26.5ರ ಬೂಟೇ ಕೇಳಿ, "ಸಡಿಲ ಇರಲಿ" ಅಂತ 28 ಹಾಕಿಸ್ತಾರೆ, ಒಪ್ಪಬೇಡಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ಮೆಲ್ಲಗೆ ತಾಗಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದಾಗ ಹಿಂದೆ ಸರೀಬೇಕು. ಹಿಮ್ಮಡಿ ಎದ್ದರೆ ಬೂಟು ದೊಡ್ಡದು. ಕಾಲುಚೀಲ ಒಂದೇ ಜೊತೆ, ತೆಳ್ಳಗೆ, ಮೊಣಕಾಲುದ್ದ. ಎರಡು ಜೊತೆ ಹಾಕಿದ್ರೆ ರಕ್ತ ಓಡಾಟ ನಿಂತು ಇನ್ನೂ ಚಳಿ. ಥರ್ಮಲ್ ಪ್ಯಾಂಟಿನ ತುದಿ ಬೂಟಿನೊಳಗೆ ಹೋಗಬಾರದು, ಆ ಮಡಿಕೆ ಮೊಣಕಾಲ ಕೆಳಗಿನ ಮೂಳೆಗೆ ಒತ್ತಿ ಸಂಜೆಗೆ ನೀಲಿಗಟ್ಟಿರುತ್ತೆ.

ಬೈಂಡಿಂಗ್ (ಬೂಟನ್ನ ಸ್ಕೀಗೆ ಹಿಡಿದಿಡೋ ಕೊಂಡಿ) ಇನ್ನೂ ಮುಖ್ಯ. ಬಿದ್ದಾಗ ಸ್ಕೀ ಕಳಚಿಕೊಳ್ಳಬೇಕು, ಇಲ್ಲಾಂದ್ರೆ ಮಂಡಿ ತಿರುಚುತ್ತೆ. ಅದರ ಸೆಟ್ಟಿಂಗ್‌ಗೆ ಡಿನ್ ನಂಬರ್ ಅಂತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ (ಹಿಮ್ಮಡಿ ಪಕ್ಕ ಮಿಲಿಮೀಟರ್‌ನಲ್ಲಿ ಕೆತ್ತಿರುತ್ತೆ), ಕೌಶಲ – ಈ ಐದನ್ನೂ ಕೇಳದೆ ಅಂಗಡಿಯವನು ಸ್ಕೀ ಕೈಗೆ ಕೊಟ್ಟರೆ ವಾಪಸ್ ಕೊಡಿ. ಹೊಸಬ ದೊಡ್ಡವರಿಗೆ ಸಾಮಾನ್ಯವಾಗಿ 3ರಿಂದ 6ರೊಳಗೆ, 9 ವರ್ಷದವರಿಗೆ ಅದಕ್ಕಿಂತ ಬಹಳ ಕಡಿಮೆ. ಮುಂದಿನ ತುಂಡಿನ ನಂಬರೂ ಹಿಂದಿನದೂ ಒಂದೇ ಇರಬೇಕು. ಎರಡೂ ಸ್ಕೀಗಳಲ್ಲಿ ನೋಡಿ. ಆಮೇಲೆ ಬೂಟು ಸಿಕ್ಕಿಸಿ ಹಿಂದಿನ ತುಂಡನ್ನ ಗಮನಿಸಿ: ಒಂದು ಸ್ಕ್ರೂ ಅಥವಾ ಲೋಹದ ಪಟ್ಟಿ ಗುರುತು ಮಾಡಿದ ಕಿಂಡಿಯ ಮಧ್ಯಕ್ಕೆ ಬಂದಿರಬೇಕು. ಹೊರಗೆ ಇದ್ರೆ ಒತ್ತಡ ತಪ್ಪಿದೆ, ಡಿನ್ ನಂಬರ್ ಎಷ್ಟಿದ್ದರೂ ಅರ್ಥವಿಲ್ಲ.

ಹಳೇ ಬಾಡಿಗೆ ಅಂಗಡಿಗಳಲ್ಲಿ ಇನ್ನೊಂದು ಎಡವಟ್ಟು. ಬೂಟಿನ ಅಡಿಯಲ್ಲಿ ಎರಡು ಥರ: ಗಟ್ಟಿ ಚಪ್ಪಟೆ ಅಡಿ (ಐಎಸ್ಒ 5355), ನಡೆಯೋಕೆ ರಬ್ಬರ್ ಇರೋ ಗ್ರಿಪ್‌ವಾಕ್ (ಐಎಸ್ಒ 23223). ಹಳೇ ಬೈಂಡಿಂಗ್‌ಗೆ ಗ್ರಿಪ್‌ವಾಕ್ ಬೂಟು ಸಿಕ್ಕಿಸಿದ್ರೆ ಕೂತಂಗೆ ಕಾಣುತ್ತೆ, ಪಕ್ಕಕ್ಕೆ ಸರಿಯಾಗಿ ಕಳಚೋದಿಲ್ಲ.

ಸ್ಕೀ ಉದ್ದ ಹೊಸಬರಿಗೆ ಎದೆ ಮತ್ತು ಗದ್ದದ ಮಧ್ಯೆ. ಹೆಲ್ಮೆಟ್ ಎಲ್ಲರಿಗೂ. ಮಕ್ಕಳಿಗೆ ಬೆರಳು ಬಿಡಿಸಿದ ಗ್ಲೌಸ್‌ಗಿಂತ ನಾಲ್ಕು ಬೆರಳು ಒಟ್ಟಿಗಿರೋ ಮಿಟನ್ ಬೆಚ್ಚಗೆ. ಜೀನ್ಸ್, ಹತ್ತಿ ಬನಿಯನ್ ಬ್ಯಾಗಲ್ಲೇ ಇರಲಿ: ಬೆವರಿಗೆ ನೆಂದ ಹತ್ತಿ ಒಣಗೋದಿಲ್ಲ. ಒಳಗೆ ಥರ್ಮಲ್, ಮೇಲೆ ಫ್ಲೀಸ್, ಹೊರಗೆ ನೀರು ತಡೆಯೋ ಜಾಕೆಟ್ ಮತ್ತು ಪ್ಯಾಂಟ್. ಬೆಂಗಳೂರಿನ ಕ್ರೀಡಾ ಸಾಮಾನಿನ ದೊಡ್ಡ ಮಳಿಗೆಗಳಿಗೆ ಇವು ನವೆಂಬರ್ ಹೊತ್ತಿಗೆ ಬರುತ್ತೆ, ಜನವರಿ ಬಂದ್ರೆ ಮಕ್ಕಳ ಅಳತೆ ಖಾಲಿ.

#14 ಪಾಲಿಸಿಪುಟ

ವಿಮೆ ಬಗ್ಗೆ ಎರಡು ಮಾತು, ಯಾಕಂದ್ರೆ ಎರಡು ಪಾಲಿಸಿಗಳನ್ನ ಜನ ಒಂದಕ್ಕೊಂದು ಬೆರೆಸ್ತಾರೆ.

ಭಾರತದ ಆರೋಗ್ಯ ವಿಮೆಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ಗೊತ್ತು ಮಾಡಿದ ಹೊರಗಿಡುವಿಕೆ ಪಟ್ಟಿ ಇದೆ. ಅದರಲ್ಲಿ 9ನೇ ಸಂಕೇತ ಸಾಹಸ ಕ್ರೀಡೆಯದ್ದು, ವೃತ್ತಿಪರರಾಗಿ ಭಾಗವಹಿಸಿದವರಿಗೆ ಮಾತ್ರ ಅನ್ವಯ. ರಜೆಗೆ ಹೋಗಿ ಮಂಡಿ ಮುರಿದುಕೊಂಡವರ ಆಸ್ಪತ್ರೆ ಖರ್ಚು ಅದರ ಅಡಿ ತಳ್ಳಿಹಾಕೋಕೆ ಬರೋದಿಲ್ಲ. ಆದರೆ ಪ್ರವಾಸ ವಿಮೆ, ಅಪಘಾತ ವಿಮೆಗಳ ಭಾಷೆ ಬೇರೆ. ಅವುಗಳಲ್ಲಿ ಚಳಿಗಾಲದ ಕ್ರೀಡೆ ಅಂತ ಹೆಸರಿಟ್ಟು ಹೊರಗಿಟ್ಟಿರ್ತಾರೆ, ಪ್ರತ್ಯೇಕ ರೈಡರ್ (ಮೂಲ ಪಾಲಿಸಿಗೆ ಸೇರಿಸೋ ಹೆಚ್ಚುವರಿ ರಕ್ಷಣೆ) ಬೇಕು. ರೈಡರ್ ಇದ್ದರೂ ಗುರುತು ಮಾಡಿದ ಇಳಿಜಾರಿನ ಹೊರಗೆ ಹೋದರೆ ಬಹುಪಾಲು ಪಾಲಿಸಿಗಳು ಕೈ ಎತ್ತುತ್ತವೆ. ಬೆಟ್ಟದಿಂದ ಇಳಿಸುವ ಖರ್ಚು ಸೇರಿದೆಯಾ ಅನ್ನೋದನ್ನ ಪಾಲಿಸಿ ಪುಸ್ತಕದಲ್ಲಿ ಓದಿ, ಏಜೆಂಟ್ ಬಾಯಿಮಾತು ಬೇಡ.

#15 ಮ್ಯೂನಿಕ್‌ಮಂಡ್ಯ

ಯೂರೋಪ್‌ನಲ್ಲಿರೋ ನಮ್ಮವರಿಗೆ, ಅಥವಾ ಆಲ್ಪ್ಸ್‌ಗೇ ಬರ್ತೀವಿ ಅನ್ನೋರಿಗೆ. ಫ್ರಾನ್ಸ್ ಶಾಲೆಗಳ ಚಳಿಗಾಲದ ರಜೆ ಮೂರು ವಲಯಗಳಾಗಿ, ಎರಡೆರಡು ವಾರ, ಸುಮಾರು ಫೆಬ್ರವರಿ ಮೊದಲಿಂದ ಮಾರ್ಚ್ ಮೊದಲವರೆಗೆ ಹರಡಿರುತ್ತೆ. ಬ್ರಿಟನ್ ಶಾಲೆಗಳ ವಾರ ಫೆಬ್ರವರಿ ಮಧ್ಯ. ಆ ವಾರಗಳಲ್ಲಿ ದರ, ಸಾಲು ಎರಡೂ ದುಪ್ಪಟ್ಟು. ಜನವರಿ 7ರ ನಂತರದ ಎರಡು ಮೂರು ವಾರ ಅಗ್ಗ, ಹಿಮವೂ ಚೆನ್ನ, ಚಳಿ ಜಾಸ್ತಿ. ಅಪಾರ್ಟ್‌ಮೆಂಟುಗಳು ಶನಿವಾರದಿಂದ ಶನಿವಾರಕ್ಕೆ, ಹಾಗಾಗಿ ಶನಿವಾರ ಆಲ್ಬರ್ಟ್‌ವಿಲ್–ಮೂತಿಯೆ ರಸ್ತೆಯಲ್ಲಿ ಗಾಡಿ ನಿಂತಲ್ಲೇ ನಿಲ್ಲುತ್ತೆ. ಭಾನುವಾರ ಶುರುವಾಗೋ ಬುಕಿಂಗ್ ಸಿಕ್ಕರೆ ಬಿಡಬೇಡಿ.

ಗಾಂಧಿಬಜಾರ್ ಅವರ ಏಪ್ರಿಲ್ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಏಪ್ರಿಲ್ ಎರಡನೇ ವಾರ ಕರ್ನಾಟಕದ ಶಾಲೆಗೆ ರಜೆ ಬರೋ ಹೊತ್ತಿಗೆ ಕಲಿಯೋ ಜಾಗಗಳು ಎಲ್ಲ ಕಡೆ ಕೆಳಗೇ ಇರೋದ್ರಿಂದ ಮೊದಲು ಕರಗೋದು ಅವೇ. ಗುಲ್ಮಾರ್ಗ್ ಮೈದಾನ ಹುಲ್ಲಾಗಿರುತ್ತೆ, ಮೇಲೆ ಮಾತ್ರ ಹಿಮ. ಊರೇ 2,300 ಮೀಟರ್‌ನಲ್ಲಿರೋ ವಾಲ್ ತೊರಾನ್ಸ್ (ಫ್ರಾನ್ಸ್), ಲಿಫ್ಟ್ 3,883 ಮೀಟರ್‌ವರೆಗೆ ಹೋಗೋ ಜರ್ಮಾಟ್ (ಸ್ವಿಟ್ಜರ್ಲೆಂಡ್), ವರ್ಷವಿಡೀ ಹಿಮನದಿ ಮೇಲೆ ನಡೆಯೋ ಹಿಂಟರ್‌ಟುಕ್ಸ್ (ಆಸ್ಟ್ರಿಯಾ) – ಏಪ್ರಿಲ್‌ಗೆ ಇವು ನಂಬಬಹುದಾದವು. ಬೆಳಗ್ಗೆ ಗಾಜಿನಂತೆ ಗಟ್ಟಿ, ಹನ್ನೊಂದಕ್ಕೆ ಹದ, ಒಂದು ಗಂಟೆಗೆ ಕೆಸರು. ಪಾಠ ಹತ್ತಕ್ಕೆ ಶುರು ಮಾಡಿ ಹನ್ನೆರಡೂವರೆಗೆ ಮುಗಿಸಿ.

ಷೆಂಗೆನ್ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12ರ ಒಳಗಿನವರಿಗೆ 45. ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, ಹಾಕಿ. ವಿಮೆ ಕನಿಷ್ಠ 30,000 ಯೂರೋದ್ದು.

#16 ಸಿಯೆರಾಕನ್ನಡಿಗ

ಕ್ಯಾಲಿಫೋರ್ನಿಯಾದ ಬೇ ಏರಿಯಾದವರಿಗೆ ಚಿಕ್ಕದಾಗಿ: ತಾಹೋ ಬೆಟ್ಟಗಳಿಗೆ ಜನವರಿ ಮಧ್ಯದ ಮಾರ್ಟಿನ್ ಲೂಥರ್ ಕಿಂಗ್ ವಾರಾಂತ್ಯ, ಫೆಬ್ರವರಿ ಮಧ್ಯದ ಪ್ರೆಸಿಡೆಂಟ್ಸ್ ವಾರ ಎರಡೂ ಬಿಟ್ಟು ಹೋಗಿ. ಸೀಸನ್ ಪಾಸ್ ದರ ತಡ ಮಾಡಿದಷ್ಟೂ ಏರ್ತಾ ಹೋಗಿ ಡಿಸೆಂಬರ್ ಆರಂಭಕ್ಕೆ ಮಾರಾಟವೇ ನಿಲ್ಲುತ್ತೆ. ಅಲ್ಲಿಗೆ ಹೋಗೋ ಐ-80 ಹೆದ್ದಾರಿಯಲ್ಲಿ ಆರ್2 (ಚೈನ್ ನಿಯಮದ ಎರಡನೇ ಹಂತ) ಬೋರ್ಡ್ ಹಾಕಿದ್ರೆ, ನಾಲ್ಕೂ ಚಕ್ರಕ್ಕೆ ಹಿಮದ ಟೈರ್ ಇರೋ ಆಲ್ ವೀಲ್ ಡ್ರೈವ್ ಗಾಡಿಗೆ ಮಾತ್ರ ಚೈನ್ ಕಟ್ಟದೇ ಹೋಗೋ ಅವಕಾಶ. ಆಗಲೂ ಚೈನ್ ಡಿಕ್ಕಿಯಲ್ಲಿರಲೇಬೇಕು. ಬಾಡಿಗೆ ಕಾರಿನ ಒಪ್ಪಂದಗಳಲ್ಲಿ ಚೈನ್ ಕಟ್ಟಬಾರದು ಅಂತ ಇರೋದುಂಟು, ಸಹಿ ಹಾಕೋ ಮೊದಲು ಓದಿ.

#17 ಮೆಲ್ಬರ್ನ್‌ಮಲೆನಾಡು

ಆಸ್ಟ್ರೇಲಿಯಾ ಕಡೆ ಋತು ಜೂನ್ ಎರಡನೇ ಸೋಮವಾರದ ವಾರಾಂತ್ಯಕ್ಕೆ ಅಧಿಕೃತವಾಗಿ ಶುರು. ಆಗ ಹಿಮ ಇರೋದು ಹೆಸರಿಗೆ. ಜುಲೈ ಮೊದಲಿನ ಶಾಲೆ ರಜೆಯಲ್ಲಿ ತೆಳು ಹಿಮ, ತುಂಬು ಜನ. ಜುಲೈ ಕೊನೆಯಿಂದ ಆಗಸ್ಟ್ ಕೊನೆ ಒಳ್ಳೇದು. ಮೆಲ್ಬರ್ನ್‌ನಿಂದ ಮೌಂಟ್ ಬುಲರ್ ಮೂರು ಗಂಟೆ. ಕಾರಲ್ಲಿ ಚೈನ್ ಇಲ್ಲದಿದ್ರೆ ದಂಡ. ಊರಿಂದ ಅಪ್ಪ ಅಮ್ಮ ಬಂದಿದ್ರೆ ಅವರಿಗೆ ಸ್ಕೀ ಟಿಕೆಟ್ ಬೇಡ, ನೋಡೋಕೆ ಬರೋರಿಗೆ ಬೇರೆ ಲಿಫ್ಟ್ ಟಿಕೆಟ್ ಇದೆಯಾ ವಿಚಾರಿಸಿ.

#18 ಗಾಂಧಿಬಜಾರ್‌ಕಾಫಿ

ಫೆಬ್ರವರಿ ಮಧ್ಯದ ವಾರ, ಗುಲ್ಮಾರ್ಗ್. ಶನಿವಾರ ಶ್ರೀನಗರ, ಭಾನುವಾರ ಮಧ್ಯಾಹ್ನ ಮೇಲೆ, ಸೋಮವಾರದಿಂದ ಶುಕ್ರವಾರ ಪಾಠ, ಶನಿವಾರ ಕೆಳಗೆ, ಭಾನುವಾರ ವಿಮಾನ. ಸರಿಯಾ? ಹಿಮ ಬೀಳದೇ ಹೋದ್ರೆ ಯಾವಾಗ ಕೈ ಬಿಡೋದು? ಹಿಮಕುಸಿತದ ಅಪಾಯ ಮೈದಾನದಲ್ಲೂ ಇದೆಯಾ? ಚಿಕ್ಕವಳಿಗೆ ಕನ್ನಡಕ ಇದೆ.

#19 ತಂಗ್‌ಮಾರ್ಗ್‌ಚೈನು

ಮೈದಾನ ಹೆಚ್ಚು ಕಮ್ಮಿ ಸಮತಟ್ಟು, ಅಲ್ಲಿ ಹಿಮಕುಸಿತದ ಚಿಂತೆ ಇಲ್ಲ. ಕುಸಿಯೋದು 30ರಿಂದ 45 ಡಿಗ್ರಿ ಇಳಿಜಾರು, ದೊಡ್ಡ ಹಿಮಪಾತ ಆದ ಮೇಲಿನ ಒಂದೆರಡು ದಿನ. ಅಫರ್ವಟ್‌ನಲ್ಲಿ ಗೊಂಡೋಲಾ ಕೆಳಗಿನ ಬೋಗುಣಿಯಂಥ ತಗ್ಗನ್ನ ಮಾತ್ರ ಸ್ಕೀ ಕಾವಲು ತಂಡದವರು (ಸ್ಕೀ ಪಟ್ರೋಲ್) ಸ್ಫೋಟಕ ಹಾಕಿ ಕೆಡವಿ ಸುರಕ್ಷಿತ ಮಾಡ್ತಾರೆ. ಅದರ ಆಚೆ ಏನೂ ಮಾಡಿರಲ್ಲ. 2023 ಮತ್ತು 2024ರ ಫೆಬ್ರವರಿಗಳಲ್ಲಿ ಸತ್ತ ವಿದೇಶಿಯರು ಆಚೆ ಹೋದವರೇ. 13 ವರ್ಷದವರಿಗೆ ಗಡಿ ಗುರುತಿನ ಹಗ್ಗ ದಾಟಬಾರದು ಅಂತ ಹೊರಡೋ ಮೊದಲೇ ಹೇಳಿಬಿಡಿ.

#20 ಹಿಮಗಣಿತ

ವೇಳಾಪಟ್ಟಿ ಸರಿ ಇದೆ. ಕೈ ಬಿಡೋ ದಿನ: ಹೊರಡೋಕೆ 10 ದಿನ ಮುಂಚೆ ಗುಲ್ಮಾರ್ಗ್‌ನ ಅವತ್ತಿನ ವಿಡಿಯೋ ಹೋಟೆಲ್‌ನವರಿಂದಲ್ಲ, ನೀವು ಗೊತ್ತು ಮಾಡಿಕೊಂಡ ಮಾಸ್ತರಿಂದ ತರಿಸಿ, ಮೈದಾನದ ಡ್ರ್ಯಾಗ್ ಲಿಫ್ಟ್ ಓಡ್ತಿರೋದು ಕಾಣಬೇಕು. ಮೈದಾನದಲ್ಲಿ ಹುಲ್ಲು ಕಾಣ್ತಿದ್ದು, ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಮುನ್ಸೂಚನೆಯಲ್ಲಿ ಮುಂದಿನ ವಾರ ವೆಸ್ಟರ್ನ್ ಡಿಸ್ಟರ್ಬೆನ್ಸ್ ಇಲ್ಲದಿದ್ರೆ ಎರಡು ವಾರ ಮುಂದಕ್ಕೆ ಹಾಕಿ. ಹಿಮ ಇದ್ದೂ ಹೊಸದು ಬೀಳದಿದ್ರೆ ಹೋಗಿ. ಕಲಿಯೋರಿಗೆ ಸೊಂಟದವರೆಗಿನ ಹೊಸ ಹಿಮಕ್ಕಿಂತ ತುಳಿದು ಗಟ್ಟಿಯಾದ ಹಳೇ ಹಿಮ ವಾಸಿ.

ವಾಪಸ್ ವಿಮಾನ ಮಧ್ಯಾಹ್ನದ್ದೇ ತೊಗೊಳ್ಳಿ, ಬೆಳಗಿನವು ಮಂಜಿಗೆ ಸಿಕ್ಕಿಕೊಳ್ಳುತ್ತವೆ. ಶ್ರೀನಗರ ನಿಲ್ದಾಣಕ್ಕೆ ಮೂರು ಗಂಟೆ ಮುಂಚೆ ಇರಿ, ಕಟ್ಟಡ ಸೇರೋ ಮೊದಲೇ ಹೊರಗಿನ ಗೇಟಲ್ಲಿ ಎಲ್ಲ ಬ್ಯಾಗ್ ಇಳಿಸಿ ತಪಾಸಣೆ ಮಾಡ್ತಾರೆ.

#21 ಬೂಟುಬಕಲ್

ಕನ್ನಡಕಕ್ಕೆ: "ಓಟಿಜಿ" ಅಂತ ಬರೆದಿರೋ ಗಾಗಲ್ಸ್ ಬರುತ್ತೆ, ಪಕ್ಕದಲ್ಲಿ ಕನ್ನಡಕದ ಕಡ್ಡಿಗೆ ಜಾಗ ಕೊರೆದಿರುತ್ತೆ. ಮಗುವಿನ ಕನ್ನಡಕ ಹಾಕಿಸಿಯೇ, ಮೇಲೆ ಹೆಲ್ಮೆಟ್ ಹಾಕಿಸಿಯೇ ಅಂಗಡಿಯಲ್ಲಿ ನೋಡಿ. ಹೆಲ್ಮೆಟ್ ಅಂಚು ಮತ್ತು ಗಾಗಲ್ಸ್ ಮೇಲಂಚಿನ ಮಧ್ಯೆ ಹಣೆ ಕಾಣಬಾರದು, ಹೆಲ್ಮೆಟ್ ಗಾಗಲ್ಸನ್ನ ಮೂಗಿನ ಮೇಲೆ ತಳ್ಳಲೂಬಾರದು. ಕನ್ನಡಕಕ್ಕೆ ಹಿಂದಿನಿಂದ ಕಟ್ಟೋ ಎಲಾಸ್ಟಿಕ್ ಪಟ್ಟಿ ಬೇಡ, ಹೆಲ್ಮೆಟ್ ಒಳಗೆ ಗಂಟು ಒತ್ತುತ್ತೆ. ಮಂಜು ಹಿಡಿದ್ರೆ ಗಾಗಲ್ಸ್ ಒಳಗಿನ ಗಾಜನ್ನ ಗ್ಲೌಸ್‌ನಿಂದ ಒರೆಸಬೇಡಿ, ಒಳಗಿನ ಲೇಪ ಕಿತ್ತುಹೋಗಿ ಮಾರನೇ ದಿನದಿಂದ ಪ್ರತಿ ಗಂಟೆಗೂ ಮಂಜೇ. ಅಲ್ಲಾಡಿಸಿ ನೀರು ಕೊಡವಿ, ಕೆಫೆಯೊಳಗೆ ಹೀಟರ್‌ನಿಂದ ದೂರ ಒಣಗಲು ಬಿಡಿ. ಮತ್ತೆ ಒಂದು ಜೊತೆ ಹಳೇ ಕನ್ನಡಕ ಹೋಟೆಲ್ ರೂಮಲ್ಲಿ ಇಟ್ಟಿರಿ.